ಸಂಸೆಯವರಿಗೆ ಇದೆ, ಕಾಸರಗೋಡಿನವರಿಗೂ ಇದೆ. ಚಿಕ್ಕಮಗಳೂರು ಪೇಟೆಯವರಿಗೆ ವಾರ್ಡ್ ಸಭೆ ಯಾಕಿಲ್ಲ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೇಳ್ತಿರೋರಿಗೆ, ತೋಟದ ಕೆಲಸದ ಮಧ್ಯೆ ಕೇಳ್ತಿರೋರಿಗೆ, ಬೆಂಗಳೂರಿನ ಪಿಜಿಯಲ್ಲಿ ಮಲಗಿಕೊಂಡು ಊರು ನೆನಪು ಮಾಡ್ಕೊಳ್ತಿರೋರಿಗೆ, ಎಲ್ಲರಿಗೂ. ಇವತ್ತಿನ ಸಂಚಿಕೆ ಸ್ವಲ್ಪ ಕಾನೂನು, ಸ್ವಲ್ಪ ಲೆಕ್ಕ. ನಾನು ವಕೀಲೆ ಅಲ್ಲ, ಬಿ.ಕಾಂ. ಓದಿದವಳು. ಹಾಗಾಗಿ ಕಾನೂನನ್ನೂ ಲೆಕ್ಕದ ಪುಸ್ತಕದ ತರಾನೇ ಓದ್ತೀನಿ. ಯಾರ ಖಾತೆಗೆ ಜಮಾ, ಯಾರ ಖಾತೆಗೆ ಖರ್ಚು ಅಂತ.

ನೇರವಾಗಿ ವಿಷಯಕ್ಕೆ ಬರ್ತೀನಿ. ಮೂರು ಜನರನ್ನ ಮನಸ್ಸಿಗೆ ತಂದ್ಕೊಳ್ಳಿ. ಒಬ್ಬರ ಮನೆ ಕಳಸದ ಹತ್ತಿರ ಸಂಸೆಯಲ್ಲಿ. ಇನ್ನೊಬ್ಬರು ಕಾಸರಗೋಡು ಪೇಟೆಯಲ್ಲಿರೋ ಕನ್ನಡಿಗರು. ಮೂರನೆಯವರು ಚಿಕ್ಕಮಗಳೂರಿನ ನಡು ಪೇಟೆ, ಬಸವನಹಳ್ಳಿಯವರು. ಮೂವರ ಮನೆ ಮುಂದೇನೂ ಚರಂಡಿ ಕಟ್ಕೊಂಡಿದೆ. ಮೂವರಿಗೂ ಬೀದಿ ದೀಪ ಬೇಕು. ಮೂವರೂ ವೋಟ್ ಹಾಕ್ತಾರೆ, ತೆರಿಗೆ ಕಟ್ತಾರೆ. ಈಗ ಪ್ರಶ್ನೆ: ಈ ಮೂವರಲ್ಲಿ ಯಾರಿಗೆ, ಸಭೆಯಲ್ಲಿ ಎದ್ದು ನಿಂತು ಮಾತಾಡೋ ಹಕ್ಕು ಕಾನೂನಿನ ಪ್ರಕಾರ ಇದೆ?

ಸಂಸೆಯವರಿಗೆ ಇದೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ವಾರ್ಡ್ ಸಭೆ, ಗ್ರಾಮ ಸಭೆ ಎರಡೂ ಇವೆ. ಆರು ತಿಂಗಳಿಗೆ ಒಮ್ಮೆಯಾದರೂ ನಡೀಬೇಕು. ಆ ವಾರ್ಡಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ನೀವು ಆ ಸಭೆಯ ಸದಸ್ಯರು. ಯಾರೂ ನಿಮ್ಮನ್ನ ನೇಮಕ ಮಾಡಬೇಕಿಲ್ಲ. ಯಾರಿಗೆ ಮನೆ ಮಂಜೂರಾಗಬೇಕು, ಯಾವ ರಸ್ತೆ ಮೊದಲು ಆಗಬೇಕು ಅನ್ನೋದು ಅಲ್ಲಿ ಮಾತಿಗೆ ಬರಬೇಕು. ಅಷ್ಟೇ ಯಾಕೆ, ನಮ್ಮ ರಾಜ್ಯದ ಹಳ್ಳಿಗಳಲ್ಲಿ ಮಕ್ಕಳ ಗ್ರಾಮ ಸಭೆ ಅಂತ ಬೇರೆ ಮಾಡ್ತಾರೆ. ಶಾಲೆಗೆ ಹೋಗೋ ದಾರಿಯಲ್ಲಿ ಕಾಲುಸಂಕ ಇಲ್ಲ ಅಂತ ಏಳನೇ ಕ್ಲಾಸಿನ ಹುಡುಗಿ ಎದ್ದು ನಿಂತು ಪಂಚಾಯಿತಿಯವರನ್ನ ಕೇಳಬಹುದು.

ಕಾಸರಗೋಡಿನವರಿಗೂ ಇದೆ. ಕೇರಳದ 1994ರ ಪುರಸಭೆ ಕಾಯ್ದೆ ಪ್ರಕಾರ ಒಂದು ಲಕ್ಷದ ಒಳಗಿನ ಜನಸಂಖ್ಯೆ ಇರೋ ಪಟ್ಟಣಗಳಲ್ಲಿ ವಾರ್ಡ್ ಸಭೆ ಇರಬೇಕು, ಅದಕ್ಕಿಂತ ದೊಡ್ಡದಾದರೆ ವಾರ್ಡ್ ಸಮಿತಿ. ಕಾಸರಗೋಡು ನಗರಸಭೆಯ ಜನಸಂಖ್ಯೆ 2011ರ ಗಣತಿಯಲ್ಲಿ ಸುಮಾರು 54 ಸಾವಿರ. ಅಂದ್ರೆ ಅಲ್ಲಿನ ಪ್ರತಿ ಮತದಾರನೂ ತನ್ನ ವಾರ್ಡ್ ಸಭೆಯ ಸದಸ್ಯ.

ಚಿಕ್ಕಮಗಳೂರಿನವರಿಗೆ? ಇಲ್ಲ ಮಾರಾಯ್ರೇ. ಐದು ವರ್ಷಕ್ಕೊಮ್ಮೆ ವೋಟು, ಆಮೇಲೆ ಅರ್ಜಿ. ಅರ್ಜಿ ಕೊಡೋದಕ್ಕೂ ಹಕ್ಕಿನಿಂದ ಸಭೆಯಲ್ಲಿ ಕೂರೋದಕ್ಕೂ ವ್ಯತ್ಯಾಸ ಇದೆ. ಅರ್ಜಿ ಕೊಡುವಾಗ ನೀವು ಕೌಂಟರಿನ ಆಚೆ ನಿಂತಿರ್ತೀರಿ.

ಯಾಕೆ ಹೀಗೆ ಅಂತ ಹುಡುಕ್ತಾ ಹೋದ್ರೆ ಸಿಗೋದು ಒಂದೇ ಒಂದು ಅಂಕಿ. ಮೂರು ಲಕ್ಷ. ಸಂವಿಧಾನದ 74ನೇ ತಿದ್ದುಪಡಿ 1992ರದ್ದು, ಜಾರಿಗೆ ಬಂದಿದ್ದು 1993ರ ಜೂನ್ 1ಕ್ಕೆ. ಅದರಲ್ಲಿ 243ಎಸ್ ಅನ್ನೋ ವಿಧಿ ಇದೆ. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನ ಇರೋ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಲೇಬೇಕು ಅನ್ನುತ್ತೆ ಅದು. ಕರ್ನಾಟಕದಲ್ಲಿ ಮೂರು ಲಕ್ಷ ದಾಟಿದ ಊರು ಸಾಮಾನ್ಯವಾಗಿ ಮಹಾನಗರ ಪಾಲಿಕೆ. ಹಾಗಾಗಿ ವಾರ್ಡ್ ಸಮಿತಿ, ಏರಿಯಾ ಸಭೆ ಇವೆಲ್ಲ ಪಾಲಿಕೆಗಳ ಕಾಯ್ದೆಯಲ್ಲಿ ಬಂದು ಕೂತವು. 1964ರ ಪುರಸಭೆಗಳ ಕಾಯ್ದೆಯ ಕೆಳಗೆ ಬರೋ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳು ಹೊರಗೇ ಉಳಿದವು.

2011ರ ಗಣತಿಯಲ್ಲಿ ಚಿಕ್ಕಮಗಳೂರು ನಗರದ ಜನಸಂಖ್ಯೆ 1,18,401. ವಾರ್ಡುಗಳು 35. ಭಾಗಿಸಿ ನೋಡಿ, ಒಬ್ಬ ಸದಸ್ಯರ ಪಾಲಿಗೆ ಹತ್ತಿರತ್ತಿರ 3,400 ಜನ. ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಬೆಂಗಳೂರಿನಲ್ಲಿ 198 ವಾರ್ಡ್ ಇದ್ದ ಕಾಲಕ್ಕೆ ಒಂದು ವಾರ್ಡಿಗೆ 42 ಸಾವಿರಕ್ಕೂ ಹೆಚ್ಚು. ಅಂದ್ರೆ ವಾರ್ಡ್ ಸಭೆ ಮಾಡೋಕೆ ಅತ್ಯಂತ ಸುಲಭವಾದ ಗಾತ್ರ ಯಾವುದು? ನಮ್ಮದೇ. ಒಂದು ಕಲ್ಯಾಣ ಮಂಟಪದಲ್ಲಿ ಒಂದು ವಾರ್ಡಿನ ಪ್ರತಿ ಮನೆಯಿಂದ ಒಬ್ಬೊಬ್ಬರನ್ನ ಕೂರಿಸಬಹುದು. ಹಳ್ಳಿಗೂ ಕೊಟ್ಟರು, ಮಹಾನಗರಕ್ಕೂ ಕೊಟ್ಟರು, ಮಧ್ಯದಲ್ಲಿರೋ ನಾವು ಪಂಕ್ತಿಯಲ್ಲಿ ಬಡಿಸೋವಾಗ ಎಲೆ ತಪ್ಪಿಸಿದ ಹಾಗೆ ಆಯ್ತು.

ಈಗ ಕೆಲವರು ಕೇಳಬಹುದು, ಸಭೆ ಇಲ್ಲದೇ ಇದ್ರೆ ಏನು ಮುಳುಗಿ ಹೋಗುತ್ತೆ ಅಂತ. ನಮ್ಮ ಮನೆಯಲ್ಲೂ ಕೇಳಿದ್ರು. ಅಮ್ಮನ ಮಾತು: "ಚರಂಡಿ ಕ್ಲೀನ್ ಮಾಡಿದ್ರೆ ಸಾಕು, ಸಭೆ ಯಾರಿಗೆ ಬೇಕು?"

ಚರಂಡಿ ಮಾತ್ರ ಆಗಿದ್ದರೆ ನಾನೂ ಒಪ್ತಿದ್ದೆ. ಆದರೆ ಈ ಹತ್ತು ವರ್ಷದಲ್ಲಿ ಊರಿನ ನಡುಭಾಗಕ್ಕೆ ಏನಾಗ್ತಾ ಇದೆ ನೋಡಿ. ಶನಿವಾರ ಬೆಳಗಾದ್ರೆ ಕೈಮರದ ಕಡೆಗೆ ಗಾಡಿಗಳ ಸಾಲು. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದ ಅತಿ ಎತ್ತರದ ಶಿಖರ, ಎಲ್ಲರೂ ನೋಡಬೇಕು, ಬರಲಿ. ಆದರೆ ಅವರೆಲ್ಲ ಹಾದು ಹೋಗೋದು ನಮ್ಮ ಐ.ಜಿ. ರೋಡು, ಎಂ.ಜಿ. ರೋಡು, ಹನುಮಂತಪ್ಪ ಸರ್ಕಲ್ ಮೇಲೆ. ಪೇಟೆಯ ಹಳೇ ಹೆಂಚಿನ ಮನೆಗಳು ಒಂದೊಂದಾಗಿ ಲಾಡ್ಜೋ, ಕೆಫೆಯೋ ಆಗ್ತಾ ಇವೆ. ನನ್ನ ಕ್ಲಾಸ್‌ಮೇಟ್ ಒಬ್ಬಳ ಮನೆಯವರು ಇಪ್ಪತ್ತು ವರ್ಷದಿಂದ ಬಾಡಿಗೆಗಿದ್ದ ಮನೆ ಬಿಟ್ಟು ಊರಾಚೆಗೆ ಹೋದರು. ಮಾಲೀಕರ ತಪ್ಪು ಅಂತ ಹೇಳಲ್ಲ, ಅವರಿಗೂ ಲೆಕ್ಕ ಇದೆ. ತಿಂಗಳಿಗೆ ಬರೋ ಬಾಡಿಗೆ ಎರಡು ವೀಕೆಂಡಲ್ಲಿ ಬರುತ್ತೆ ಅಂದ್ರೆ ಯಾರು ಬಿಡ್ತಾರೆ? ಆದರೆ ಅವಳ ಅಪ್ಪ ಕೆಲಸ ಮಾಡೋ ಅಂಗಡಿ ಪೇಟೆಯಲ್ಲೇ ಇದೆ. ಮೊದಲು ನಡ್ಕೊಂಡು ಹೋಗ್ತಿದ್ದವರಿಗೆ ಈಗ ಎರಡು ಕಡೆಯ ಆಟೋ ಖರ್ಚು.

ನೀರಿನ ವಿಷಯ ತಗೊಳ್ಳಿ. ಊರಿಗೆ ನೀರು ಹಿರೇಕೊಳಲೆ ಕೆರೆಯಿಂದ, ಬೇಲೂರಿನ ಯಗಚಿಯಿಂದ ಬರುತ್ತೆ. ಹೊಸ ಲಾಡ್ಜು, ಹೊಸ ಬಡಾವಣೆ ಎಲ್ಲ ಅದೇ ನೀರನ್ನ ಹಂಚ್ಕೋಬೇಕು. ಕಸ ತಗೊಳ್ಳಿ. ನಾವು ಗಾಡಿಗೆ ಹಾಕಿ ಕೈ ತೊಳ್ಕೊಳ್ತೀವಿ, ಅದು ಇಂದಾವರಕ್ಕೆ ಹೋಗುತ್ತೆ, ಅಲ್ಲಿನವರು ಮೂಗು ಮುಚ್ಕೊಳ್ಳಬೇಕು. ರಸ್ತೆ ಅಗೆತ ತಗೊಳ್ಳಿ. 2015ರ ಜೂನಲ್ಲಿ ಶುರುವಾದ ಅಮೃತ್ ಯೋಜನೆಗೆ ಕರ್ನಾಟಕದ 27 ನಗರಗಳು ಸೇರಿದವು, ಅದರಲ್ಲಿ ಚಿಕ್ಕಮಗಳೂರೂ ಒಂದು. ನೀರಿನ ಪೈಪು, ಒಳಚರಂಡಿ, ಪಾರ್ಕು ಇಂಥದ್ದಕ್ಕೆಲ್ಲ ದುಡ್ಡು ಕೊಡೋ ಯೋಜನೆ. ಒಳ್ಳೇದೇ. ಆದರೆ ಯಾವ ಬೀದಿ ಮೊದಲು, ಅಗೆದದ್ದನ್ನ ಎಷ್ಟು ದಿನದಲ್ಲಿ ಮುಚ್ಚಬೇಕು, ಮಳೆಗಾಲಕ್ಕೆ ಮುಂಚೆ ಯಾವುದು ಮುಗೀಬೇಕು ಅಂತ ಬೀದಿಯವರನ್ನ ಕೂರಿಸಿ ಕೇಳೋ ಒಂದು ಜಾಗ ಕಾನೂನಲ್ಲೇ ಇಲ್ಲ. ಮಲೆನಾಡಲ್ಲಿ ಮೇ ತಿಂಗಳಲ್ಲಿ ರಸ್ತೆ ಅಗೆದ್ರೆ ಏನಾಗುತ್ತೆ ಅಂತ ಎಂಜಿನಿಯರಿಂಗ್ ಓದದ ಅಜ್ಜಿಯೂ ಹೇಳ್ತಾರೆ. ಹೇಳೋಕೆ ಜಾಗ ಬೇಕಲ್ಲ.

ಊರಿನ ಭವಿಷ್ಯ ಅಂದಾಗ ನಾನು ಹೇಳ್ತಿರೋದು ಇದನ್ನೇ. ಇನ್ನು ಹದಿನೈದು ವರ್ಷಕ್ಕೆ ಚಿಕ್ಕಮಗಳೂರು ಪೇಟೆಯಲ್ಲಿ ಜನ ವಾಸ ಇರ್ತಾರಾ, ಅಥವಾ ಬೆಟ್ಟಕ್ಕೆ ಹೋಗೋರ ಗೇಟ್ ಆಗಿ ಮಾತ್ರ ಉಳಿಯುತ್ತಾ? ಈ ಪ್ರಶ್ನೆ ಪ್ರವಾಸೋದ್ಯಮದ ಸಭೆಯಲ್ಲಿ ಚರ್ಚೆ ಆಗುತ್ತೆ, ಹೋಟೆಲ್‌ನವರ ಜೊತೆ ಆಗುತ್ತೆ, ಇಲಾಖೆಗಳ ಮಧ್ಯೆ ಆಗುತ್ತೆ. ಬಾಡಿಗೆ ಮನೆಯವರ ಜೊತೆ ಆಗಲ್ಲ.

ಸರಿ, ವಾರ್ಡ್ ಸಮಿತಿ ಇರೋ ಊರುಗಳಲ್ಲಿ ಏನಾಯ್ತು? ಎರಡೂ ಮುಖ ಹೇಳ್ತೀನಿ.

ಬೆಂಗಳೂರಿನ ಕತೆ ನಿಮಗೆ ಸ್ವಲ್ಪ ಗೊತ್ತಿರುತ್ತೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ತೀವಿ ಅಂತ ಹೊರಟರು. ಖರ್ಚು 1,791 ಕೋಟಿ, ಕಡಿಯೋ ಮರ 812. ಅಕ್ಟೋಬರ್ 16ಕ್ಕೆ ಸಾವಿರಾರು ಜನ ರಸ್ತೆ ಬದಿಯಲ್ಲಿ ಕೈ ಕೈ ಹಿಡಿದು ನಿಂತರು. 'ಸ್ಟೀಲ್ ಫ್ಲೈಓವರ್ ಬೇಡ' ಅಂದರು. 2017ರ ಮಾರ್ಚ್ 2ಕ್ಕೆ ಸರ್ಕಾರ ಯೋಜನೆ ಕೈಬಿಡ್ತು. ದೊಡ್ಡ ಗೆಲುವು, ಸರಿ. ಆದರೆ ನನಗೆ ಅದಕ್ಕಿಂತ ಹೆಚ್ಚು ಕುತೂಹಲ ಇರೋದು ಆಮೇಲೆ ನಡೆದಿದ್ದರ ಬಗ್ಗೆ. 'ಬೇಡ' ಅನ್ನೋಕೆ ಬೀದಿ ಸಾಕು. 'ಇದು ಬೇಕು, ಹೀಗೆ ಬೇಕು, ಇಷ್ಟು ದುಡ್ಡಲ್ಲಿ ಬೇಕು' ಅನ್ನೋಕೆ ತಿಂಗಳು ತಿಂಗಳು ಕೂರೋ ಒಂದು ಟೇಬಲ್ ಬೇಕು. ಆ ಟೇಬಲ್ ವಾರ್ಡ್ ಸಮಿತಿ.

ಅದರ ಕಾನೂನು ಆಗಿದ್ದು 2011ರಲ್ಲಿ, ನಿಯಮಗಳು ಬಂದಿದ್ದು 2016ರಲ್ಲಿ. ಒಂದು ವಾರ್ಡಿಗೆ ಹತ್ತು ಜನ ಸದಸ್ಯರು, ಅಧ್ಯಕ್ಷರು ಆ ವಾರ್ಡಿನ ಕಾರ್ಪೊರೇಟರ್. ಹತ್ತರಲ್ಲಿ ಕನಿಷ್ಠ ಮೂರು ಜನ ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ಬೆಂಗಳೂರಿನಲ್ಲಿ ಇದು ತಾನಾಗೇ ಆಗಲಿಲ್ಲ, ಹೈಕೋರ್ಟ್ ಬೆನ್ನು ಬೀಳಬೇಕಾಯ್ತು. ಆಮೇಲೆ ತಿಂಗಳ ಮೊದಲ ಶನಿವಾರ ವಾರ್ಡ್ ಸಭೆ ಅನ್ನೋ ಪದ್ಧತಿ ಬಂತು. ಕೆಲವು ವಾರ್ಡುಗಳಲ್ಲಿ ನಿಜವಾಗಿ ನಡೆದವು, ಎಷ್ಟೋ ಕಡೆ ನಡವಳಿ ಪುಸ್ತಕದಲ್ಲಿ ಮಾತ್ರ ನಡೆದವು. 2020ರ ಸೆಪ್ಟೆಂಬರಿಗೆ ಪಾಲಿಕೆಯ ಚುನಾಯಿತ ಕೌನ್ಸಿಲ್ಲಿನ ಅವಧಿ ಮುಗೀತು, ಹೊಸ ಚುನಾವಣೆ ವರ್ಷಗಟ್ಟಲೆ ಆಗಲಿಲ್ಲ. ಕಾರ್ಪೊರೇಟರೇ ಇಲ್ಲದ ಮೇಲೆ ಅಧಿಕಾರಿಯೇ ಸಭೆ ನಡೆಸೋ ಹಾಗಾಯ್ತು. ಟೇಬಲ್ ಇದೆ, ಎದುರಿನ ಕುರ್ಚಿಯಲ್ಲಿ ನಾವು ವೋಟ್ ಹಾಕಿದವರು ಯಾರೂ ಇಲ್ಲ.

ಮಂಗಳೂರು ನಮಗೆ ಘಟ್ಟ ಇಳಿದರೆ ಸಿಗೋ ಊರು. 60 ವಾರ್ಡುಗಳ ಪಾಲಿಕೆ. ಅಲ್ಲೂ ನಾಗರಿಕರು ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೇ ವಾರ್ಡ್ ಸಮಿತಿ ರಚನೆ ಆಗಿದ್ದು. ಇಲ್ಲಿ ಗಮನಿಸಿ, ಅವರು ಕೋರ್ಟಿಗೆ ಹೋಗೋಕೆ ಸಾಧ್ಯ ಆಗಿದ್ದು ಕಾನೂನಲ್ಲಿ ಬರೆದಿತ್ತು ಅನ್ನೋ ಕಾರಣಕ್ಕೆ. 'ಬರೆದಿದ್ದೀರಲ್ಲ, ಮಾಡಿ' ಅಂದರು. ನಾವು ಕೋರ್ಟಿಗೆ ಹೋಗಿ ಏನು ತೋರಿಸೋದು? ನಮ್ಮ ಕಾಯ್ದೆಯಲ್ಲಿ ಬರೆದೇ ಇಲ್ಲ.

ಈಗ ಇರೋ ಬಾಗಿಲುಗಳನ್ನ ನೋಡೋಣ. ಇಲ್ಲಿ ನನ್ನ ಬಿ.ಕಾಂ. ಸ್ವಲ್ಪ ಉಪಯೋಗಕ್ಕೆ ಬರುತ್ತೆ.

ಮೊದಲನೇದು ಬಜೆಟ್ ಪೂರ್ವಭಾವಿ ಸಭೆ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳು ಆಯವ್ಯಯ ಸಿದ್ಧ ಮಾಡೋ ಮುಂಚೆ ಸಾರ್ವಜನಿಕರನ್ನ ಕರೆದು ಸಲಹೆ ಕೇಳ್ತವೆ. ಚಳಿಗಾಲದಲ್ಲಿ, ಕಾಫಿ ಕೊಯ್ಲಿನ ಟೈಮಲ್ಲೇ ಬರುತ್ತೆ ಇದು, ಅದೇ ಒಂದು ತಮಾಷೆ. ಅರ್ಧ ಜಿಲ್ಲೆ ಹಣ್ಣು ಕುಯ್ಯೋದ್ರಲ್ಲಿ ಇರುತ್ತೆ. ಪೇಪರಿನ ಒಳಪುಟದಲ್ಲಿ ಸಣ್ಣ ಪ್ರಕಟಣೆ.

ಇಂಥ ಒಂದು ಸಭೆಗೆ ನಾನು ಹೋಗಿದ್ದೆ. ಊರಿನ ಹೆಸರು ಬೇಡ, ಎಲ್ಲ ಊರಲ್ಲೂ ಹೆಚ್ಚು ಕಮ್ಮಿ ಹೀಗೇ. ಕೆಲಸದ ದಿನ, ಬೆಳಗ್ಗೆ 11 ಗಂಟೆ. ಬಂದವರು ನಿವೃತ್ತರು, ವರ್ತಕರ ಸಂಘದವರು, ಒಂದಿಬ್ಬರು ಪತ್ರಕರ್ತರು. ನನ್ನ ವಯಸ್ಸಿನವರು ಅಂತ ಇದ್ದಿದ್ದು ಮೈಕ್ ಹಿಡ್ಕೊಂಡಿದ್ದ ಹುಡುಗ ಒಬ್ಬನೇ. ಎಲ್ಲರೂ ಎದ್ದು 'ರಸ್ತೆ ಸರಿ ಮಾಡಿ, ನಾಯಿ ಕಾಟ ತಪ್ಪಿಸಿ, ಪಾರ್ಕ್ ಮಾಡಿ' ಅಂದರು, ಅಧಿಕಾರಿಗಳು 'ಆಯ್ತು, ಪರಿಶೀಲಿಸ್ತೀವಿ' ಅಂತ ಬರ್ಕೊಂಡರು. ಆಮೇಲೆ ಒಬ್ಬ ಹಿರಿಯರು ಎದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡಿದ್ದವರಂತೆ. ಕೈಯಲ್ಲಿ ಹಿಂದಿನ ವರ್ಷದ ಬಜೆಟ್ ಪ್ರತಿ. ಅವರು ರಸ್ತೆ ಕೇಳಲಿಲ್ಲ. 'ಇಂಥಾ ಪುಟದಲ್ಲಿ ಮಳೆನೀರು ಚರಂಡಿಗೆ ಅಂತ ತೋರಿಸಿದ್ದೀರಿ, ಪರಿಷ್ಕೃತ ಅಂದಾಜಲ್ಲಿ ಅರ್ಧಕ್ಕಿಂತ ಕಮ್ಮಿ ಆಗಿದೆ. ಉಳಿದಿದ್ದು ಯಾವ ಲೆಕ್ಕಕ್ಕೆ ಹೋಯ್ತು?' ಅಂತ ಒಂದೇ ಪ್ರಶ್ನೆ ಕೇಳಿದರು. ಸಭೆ ಸ್ವಲ್ಪ ಹೊತ್ತು ತಣ್ಣಗಾಯ್ತು. ಲೆಕ್ಕಾಧಿಕಾರಿ ಕನ್ನಡಕ ಹಾಕ್ಕೊಂಡು ಪುಸ್ತಕ ತೆಗೆದರು. ಆವತ್ತು ಪುಸ್ತಕ ತೆಗೆಸಿದ ಪ್ರಶ್ನೆ ಅದೊಂದೇ.

ಆ ಪುಸ್ತಕ ಓದೋದು ಕಷ್ಟ ಏನಲ್ಲ. 2006ರಲ್ಲಿ ಬಂದ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ಪ್ರಕಾರ ನಮ್ಮ ಪುರಸಭೆಗಳು ಡಬಲ್ ಎಂಟ್ರಿ ಪದ್ಧತಿಯಲ್ಲಿ ಲೆಕ್ಕ ಇಡ್ತವೆ. ಅಂದ್ರೆ ಕಾಮರ್ಸ್ ತಗೊಂಡ ಪಿಯುಸಿ ಹುಡುಗರು ಪರೀಕ್ಷೆಗೆ ಓದೋದು ಇದನ್ನೇ. ಮೂರು ಕಾಲಂ ನೋಡಿ: ಹಿಂದಿನ ವರ್ಷದ ವಾಸ್ತವ, ಈ ವರ್ಷದ ಪರಿಷ್ಕೃತ, ಮುಂದಿನ ವರ್ಷದ ಅಂದಾಜು. ಅಂದಾಜು ಯಾವಾಗಲೂ ದಪ್ಪ ಇರುತ್ತೆ, ವಾಸ್ತವ ಸಣ್ಣ ಇರುತ್ತೆ. ಆ ಎರಡರ ಮಧ್ಯದ ಅಂತರದಲ್ಲೇ ನಿಮ್ಮ ಬೀದಿ ಕಳೆದುಹೋಗಿರೋದು.

ಬರೋ ದುಡ್ಡು ಹೇಗೂ ಬೇಕಾದ ಹಾಗೆ ಖರ್ಚು ಮಾಡೋ ಹಾಗಿಲ್ಲ ಅನ್ನೋದೂ ಗೊತ್ತಿರಲಿ. ಪರಿಶಿಷ್ಟ ಜಾತಿ, ಪಂಗಡದವರ ಕಲ್ಯಾಣಕ್ಕೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಮೀಸಲಿಡಬೇಕು. 15ನೇ ಹಣಕಾಸು ಆಯೋಗ ನಮ್ಮಂಥ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಕುಡಿಯೋ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ ದುಡ್ಡು, ಶೇ 40 ಮಾತ್ರ ಮುಕ್ತ. ಹಾಗಾಗಿ ಸಭೆಯಲ್ಲಿ 'ಪಾರ್ಕ್ ಮಾಡಿ' ಅಂದ್ರೆ 'ದುಡ್ಡಿಲ್ಲ' ಅನ್ನೋ ಉತ್ತರ ಸುಲಭ. 'ಶೇ 5ರ ದುಡ್ಡಲ್ಲಿ ಹೋದ ವರ್ಷ ಏನು ಮಾಡಿದ್ರಿ? ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆವರೆಗೆ ಗಾಲಿಕುರ್ಚಿ ಹೋಗೋ ಫುಟ್‌ಪಾತ್ ಆಗಿದೆಯಾ?' ಅಂದ್ರೆ ಆ ಉತ್ತರ ನಡೆಯಲ್ಲ. ದುಡ್ಡು ಅಲ್ಲೇ ಇದೆ.

ಎರಡನೇ ಬಾಗಿಲು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಪಟ್ಟಣ ವ್ಯಾಪಾರ ಸಮಿತಿ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಇದೆಯಲ್ಲ, ಅದಕ್ಕೆ ಮೂರು ಲಕ್ಷದ ಷರತ್ತಿಲ್ಲ. ಚಿಕ್ಕಮಗಳೂರಿಗೂ ಅನ್ವಯ, ಮೂಡಿಗೆರೆ ಪಟ್ಟಣ ಪಂಚಾಯಿತಿಗೂ ಅನ್ವಯ. ಸಮಿತಿಯಲ್ಲಿ ಕನಿಷ್ಠ ಶೇ 40 ಜನ ವ್ಯಾಪಾರಿಗಳೇ ಇರಬೇಕು, ಅವರನ್ನ ವ್ಯಾಪಾರಿಗಳೇ ಚುನಾವಣೆ ಮಾಡಿ ಆರಿಸಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಎಲ್ಲಿ ವ್ಯಾಪಾರ ಮಾಡಬಹುದು, ಎಲ್ಲಿ ಬೇಡ ಅನ್ನೋದನ್ನ ಈ ಸಮಿತಿಯನ್ನ ಕೇಳಿಯೇ ಮಾಡಬೇಕು. ಸಮೀಕ್ಷೆ ಮುಗಿಯೋವರೆಗೆ ಎಬ್ಬಿಸೋ ಹಾಗಿಲ್ಲ. ಊರಿನ ಜನಸಂಖ್ಯೆಯ ಶೇ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಕೊಡಬೇಕು ಅನ್ನುತ್ತೆ ಕಾಯ್ದೆ. ನಮ್ಮೂರಿನ 2011ರ ಲೆಕ್ಕದಲ್ಲಿ ಅದು ಹೆಚ್ಚು ಕಮ್ಮಿ 2,960 ಜನ. ಆಜಾದ್ ಪಾರ್ಕ್ ಹತ್ತಿರ ಸೊಪ್ಪು ಮಾರೋ ಅಕ್ಕನಿಗೆ ಕಾನೂನಿನ ಪ್ರಕಾರ ಊರಿನ ಒಂದು ಸಮಿತಿಯಲ್ಲಿ ಆಯ್ಕೆಯಾಗಿ ಕೂರೋ ಹಕ್ಕಿದೆ. ಅವರ ಹತ್ತಿರ ಸೊಪ್ಪು ತಗೊಳ್ಳೋ ನನಗೆ ಅಂಥದ್ದು ಒಂದೂ ಇಲ್ಲ. ನನಗೆ ಇದು ಖುಷಿಯ ವಿಷಯವೇ. ಬಡವರಿಗೆ ಸಭೆ ಮಾಡೋಕೆ ಬರಲ್ಲ ಅನ್ನೋರಿಗೆ ಪಾರ್ಲಿಮೆಂಟೇ ಕೊಟ್ಟ ಉತ್ತರ ಇದು.

ಮೂರನೇದು ಮಾಸ್ಟರ್ ಪ್ಲಾನ್. ನಗರಾಭಿವೃದ್ಧಿ ಪ್ರಾಧಿಕಾರ ಕರಡು ಯೋಜನೆ ಪ್ರಕಟಿಸಿದ ಮೇಲೆ ಆಕ್ಷೇಪಣೆಗೆ 60 ದಿನ ಸಿಗುತ್ತೆ. ಯಾವ ಬೀದಿ ವಾಸಕ್ಕೆ, ಯಾವುದು ವಾಣಿಜ್ಯಕ್ಕೆ, ಕೆರೆ ಸುತ್ತ ಎಷ್ಟು ಜಾಗ ಬಿಡಬೇಕು, ಎಲ್ಲ ಆ ನಕ್ಷೆಯ ಬಣ್ಣದಲ್ಲಿದೆ. ಹಳದಿ ಇದ್ದದ್ದು ನೀಲಿ ಆಯ್ತು ಅಂದ್ರೆ ನಿಮ್ಮ ಪಕ್ಕದ ಮನೆ ನಾಳೆ ಲಾಡ್ಜ್ ಆಗಬಹುದು. ಬಸವನಹಳ್ಳಿ ಕೆರೆ, ಕೋಟೆ ಕೆರೆ, ದಂಟರಮಕ್ಕಿ ಕೆರೆ ಸುತ್ತಮುತ್ತ ಇರೋರು ಆ 60 ದಿನ ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕಾಯಬೇಕು.

ಇನ್ನೊಂದು ಮಾಹಿತಿ ಹಕ್ಕು, ಅದು ಎಲ್ಲರಿಗೂ ಗೊತ್ತಿರೋದೇ. 10 ರೂಪಾಯಿ, 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದದ ಒಳಗೆ ಇರಬೇಕು, ಒಂದೇ ವಿಷಯ ಇರಬೇಕು. ನಿಮ್ಮ ವಾರ್ಡಿನ ಕ್ರಿಯಾ ಯೋಜನೆ ಕೇಳಿ, ಆಮೇಲೆ ಅಳತೆ ಪುಸ್ತಕದ ಪ್ರತಿ ಕೇಳಿ. ಜಗಳ ಆಡಬೇಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿ ಮಾತು ಹೇಳಲೇಬೇಕು. ನಾಳೆನೇ ವಾರ್ಡ್ ಸಮಿತಿ ಬಂತು ಅಂದ್ಕೊಳ್ಳಿ. ಯಾರು ಬಂದು ಕೂರ್ತಾರೆ? ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸೋ ಹೆಂಗಸರು ಬೆಳಗ್ಗೆ 11ಕ್ಕೆ ಬರೋಕಾಗಲ್ಲ, ದಿನದ ಕೂಲಿ ಹೋಗುತ್ತೆ. ಪೌರಕಾರ್ಮಿಕರು ಬಂದರೂ ಅವರ ಮೇಲಧಿಕಾರಿ ಎದುರಿಗೇ ಕೂತಿರ್ತಾರೆ, ಏನು ಮಾತಾಡ್ತಾರೆ? ಬಾಡಿಗೆಯವರಿಗೆ 'ನೀವು ಇವತ್ತಿದ್ದು ನಾಳೆ ಹೋಗೋರು' ಅಂತಾರೆ. ಅಸ್ಸಾಂನಿಂದ ಬಂದು ತೋಟದಲ್ಲಿ ಕೆಲಸ ಮಾಡೋರು ಭಾನುವಾರ ಪೇಟೆಗೆ ಬರ್ತಾರಲ್ಲ, ಅವರ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲೇ ಇರಲ್ಲ. ಉಳಿಯೋದು ಸ್ವಂತ ಮನೆ, ಸ್ವಂತ ಕಾರು ಇರೋ ಗಂಡಸರು. ಆವಾಗ ಮೊದಲ ಠರಾವು ಏನಾಗುತ್ತೆ ಅಂದ್ರೆ, ಪಾರ್ಕಿಂಗ್ ಜಾಗ ಮಾಡಿ, ಬೀದಿ ವ್ಯಾಪಾರಿಗಳನ್ನ ಎಬ್ಬಿಸಿ.

ಅದಕ್ಕೇ ಸಭೆ ಯಾವಾಗ, ಎಲ್ಲಿ ಅನ್ನೋದು ಸಣ್ಣ ವಿಷಯ ಅಲ್ಲ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ಅನ್ನೋ ನಗರ 1989ರಲ್ಲಿ ಬಜೆಟ್ಟಿನ ಒಂದು ಭಾಗವನ್ನ ಜನರ ಸಭೆಗಳಲ್ಲೇ ತೀರ್ಮಾನ ಮಾಡೋಕೆ ಶುರು ಮಾಡ್ತು. ಬಡವರ ಬಡಾವಣೆಗೆ ಹೋಗಿ ಅಲ್ಲೇ ಸಭೆ ಮಾಡಿದರು. 1988ರಲ್ಲಿ ಶೇ 75 ಮನೆಗಳಿಗೆ ನೀರು, ಒಳಚರಂಡಿ ಸಂಪರ್ಕ ಇದ್ದದ್ದು 1997ರ ಹೊತ್ತಿಗೆ ಶೇ 98 ಆಯ್ತು. ಜನ ಕೇಳಿದ್ದು ಫ್ಲೈಓವರ್ ಅಲ್ಲ, ನಲ್ಲಿ. ಆದರೆ 2017ರಲ್ಲಿ ಹೊಸ ಆಡಳಿತ ಆ ಪದ್ಧತಿಯನ್ನೇ ನಿಲ್ಲಿಸಿಬಿಡ್ತು. ಮೇಯರ್ ಮನಸ್ಸು ಮಾಡಿದ್ರೆ ಬರುತ್ತೆ, ಮೇಯರ್ ಮನಸ್ಸು ಬದಲಾದ್ರೆ ಹೋಗುತ್ತೆ ಅನ್ನೋ ಹಾಗಿದ್ರೆ ಕಷ್ಟ. ನಮ್ಮ ಪಕ್ಕದ ಪುಣೆಯಲ್ಲೂ 2006ರಿಂದ ನಾಗರಿಕರು ಬಜೆಟ್ಟಿಗೆ ಕೆಲಸ ಸೂಚಿಸೋ ವ್ಯವಸ್ಥೆ ಇದೆ.

ಹಾಗಾದ್ರೆ ನಾವು ಕೇಳಬೇಕಾದ್ದು ಏನು? ಒಂದು, ಕಾಯ್ದೆಯಲ್ಲೇ ಬರೀಬೇಕು. ಸಂವಿಧಾನ ಮೂರು ಲಕ್ಷ ಅಂದಿದ್ದು ಕಡ್ಡಾಯದ ಗೆರೆ, ಅದಕ್ಕಿಂತ ಸಣ್ಣ ಊರಿಗೆ ಕೊಡಬೇಡಿ ಅಂತ ಎಲ್ಲೂ ಹೇಳಿಲ್ಲ. ಅದೇ 243ಎಸ್ ವಿಧಿಯ ಐದನೇ ಖಂಡದಲ್ಲಿ, ರಾಜ್ಯಗಳು ಬೇರೆ ಸಮಿತಿಗಳನ್ನೂ ಮಾಡ್ಕೋಬಹುದು ಅಂತ ಸ್ಪಷ್ಟವಾಗಿದೆ. ಕೇರಳ ಮಾಡ್ಕೊಂಡಿದೆ. ಅವರ ಲೆಕ್ಕ ಇಲ್ಲಿಗೆ ಹಾಕಿದ್ರೆ ಚಿಕ್ಕಮಗಳೂರಿಗೆ ವಾರ್ಡ್ ಸಮಿತಿ ಬರುತ್ತೆ, ಮೂಡಿಗೆರೆಗೆ ವಾರ್ಡ್ ಸಭೆ ಬರುತ್ತೆ. 1964ರ ನಮ್ಮ ಪುರಸಭೆಗಳ ಕಾಯ್ದೆಗೆ ಒಂದು ತಿದ್ದುಪಡಿ ಸಾಕು. ಇದನ್ನ ಮಾಡೋರು ನಗರಸಭೆ ಸದಸ್ಯರಲ್ಲ, ಶಾಸಕರು. ಮುಂದಿನ ಸಲ ಶಾಸಕರು ನಿಮ್ಮ ಬೀದಿಗೆ ಗುದ್ದಲಿ ಪೂಜೆಗೆ ಬಂದಾಗ ಸೆಲ್ಫಿ ತಗೊಳ್ಳಿ, ಜೊತೆಗೆ ಇದನ್ನೂ ಕೇಳಿ.

ಈ ತಿದ್ದುಪಡಿ ಬೆಳೆಯೋ ಊರುಗಳಿಗೂ ಮುಖ್ಯ. ಹಳ್ಳಿ ದೊಡ್ಡದಾಗಿ ಪಟ್ಟಣ ಪಂಚಾಯಿತಿ ಆದಾಗ ಜನ ಪಟಾಕಿ ಹೊಡೀತಾರೆ, ಊರಿಗೆ ಬಡ್ತಿ ಸಿಕ್ತು ಅಂತ. ಅವತ್ತೇ ಗ್ರಾಮ ಸಭೆಯ ಹಕ್ಕು ಹೋಗುತ್ತೆ, ಅದಕ್ಕೆ ಬದಲಾಗಿ ಏನೂ ಬರಲ್ಲ. ಲೆಡ್ಜರಿನಲ್ಲಿ ಒಂದು ಕಡೆ ಮಾತ್ರ ಬರೆದ ಹಾಗೆ. ಕಳಸ, ಬಾಳೂರು, ಬಣಕಲ್ ಕಡೆಯ ಹುಡುಗರು ಇದನ್ನ ಈಗಲೇ ತಲೆಯಲ್ಲಿಟ್ಕೊಳ್ಳಿ.

ಎರಡನೇದು ತಿದ್ದುಪಡಿ ಬರೋವರೆಗೂ ಕಾಯಬೇಕಿಲ್ಲ. ವಾರ್ಡ್ ಸದಸ್ಯರು ಸ್ವಂತ ಇಷ್ಟದಿಂದ ಮೂರು ತಿಂಗಳಿಗೊಮ್ಮೆ ವಾರ್ಡಿನ ಜನರನ್ನ ಸೇರಿಸಿದ್ರೆ ಬೇಡ ಅನ್ನೋ ಕಾನೂನು ಯಾವುದೂ ಇಲ್ಲ. ಸಂಜೆ ಏಳು ಗಂಟೆ ಮೇಲೆ ಸೇರಲಿ, ಅಂಗನವಾಡಿಯಲ್ಲೋ ಸರ್ಕಾರಿ ಶಾಲೆಯಲ್ಲೋ. ಬಂದವರ ಮುಂದೆ ಕ್ರಿಯಾ ಯೋಜನೆ ಓದಿ ಹೇಳಲಿ, ನಡವಳಿ ಬರೆದು ಶಾಲೆಯ ಗೋಡೆಗೆ ಅಂಟಿಸಲಿ. ಇದಕ್ಕೆ ಒಂದು ಪ್ಯಾಕೆಟ್ ಬಿಸ್ಕತ್ತು, ಫ್ಲಾಸ್ಕ್ ಕಾಫಿಯ ಖರ್ಚು. ಕಾಫಿಗೆ ನಮ್ಮೂರಲ್ಲಿ ಬರ ಇಲ್ಲ.

ನಿಮ್ಮಿಂದ ನನಗೆ ಬೇಕಿರೋದು ಇಷ್ಟು. ಈ ಸಂಚಿಕೆ ಮುಗಿದ ತಕ್ಷಣ ನಿಮ್ಮ ಮನೆಯ ವಾರ್ಡ್ ನಂಬರ್ ಹೇಳ್ತೀರಾ ನೋಡಿ. ತೆರಿಗೆ ಕಟ್ಟಿದ ರಸೀದಿಯಲ್ಲಿ ಇರುತ್ತೆ. ಬಾಡಿಗೆಯವರಾದ್ರೆ ವೋಟರ್ ಪಟ್ಟಿಯಲ್ಲಿ ನೋಡಿ, ಹೆಸರು ಇನ್ನೂ ಹಳೇ ಊರಲ್ಲೇ ಇದ್ರೆ ಮೊದಲು ಅದನ್ನ ವರ್ಗ ಮಾಡಿಸಿ. ನಗರಸಭೆಯ ಹೋದ ವರ್ಷದ ಬಜೆಟ್ ಪ್ರತಿ ಸಿಕ್ಕಿದ್ರೆ ಫೋಟೋ ತೆಗೆದು ಇಟ್ಕೊಳ್ಳಿ. ಚಿಕ್ಕಮಗಳೂರು, ಕಡೂರು, ತರೀಕೆರೆ, ಮೂಡಿಗೆರೆ, ಯಾವ ಊರಿನದ್ದಾದ್ರೂ ಸರಿ. ಮುಂದಿನ ಸಂಚಿಕೆಯಲ್ಲಿ ಒಂದು ಬಜೆಟ್ ಪುಸ್ತಕವನ್ನ ಎದುರಿಗಿಟ್ಕೊಂಡು ಪುಟ ಪುಟ ಓದೋಣ, ಮೊದಲ ಪುಟದ ಆರಂಭಿಕ ಶಿಲ್ಕಿನಿಂದ. ಪ್ರಶ್ನೆ ಇದ್ದವರು ಒಂದು ನಿಮಿಷದ ಒಳಗೆ ವಾಯ್ಸ್ ನೋಟ್ ಕಳಿಸಿ. ಮಳೆ ಸದ್ದು ಹಿಂದೆ ಕೇಳಿಸಿದ್ರೂ ಪರವಾಗಿಲ್ಲ.